ಲಿಗೋರಿ ಪರ್ಬುಗಳು ಕ್ಲಾರಿನೆಟ್ ನುಡಿಸಿದ ದಿನ

ದಿನಗಳು ಹುಟ್ಟುವಾಗ ಖಾಲಿಯಾಗಿಯೇ ಹುಟ್ಟುತ್ತವೆ ಎಂಬುದು ನನ್ನ ಹಳೆಯ ಅನುಮಾನ. ಗೋಡೆಯ ಕ್ಯಾಲೆಂಡರಿನಲ್ಲಿ ಅವು ಒಂದರ ಪಕ್ಕ ಒಂದು ಬಿಳಿ ಚೌಕಗಳಾಗಿ ಸುಮ್ಮನೆ ಕುಳಿತಿರುತ್ತವೆ. ತಾವು ಸೋಮವಾರವೋ ಮಂಗಳವಾರವೋ ಎಂಬ ಗೊಡವೆಯೂ ಅವಕ್ಕಿಲ್ಲ. ನಾವು ಹೋಗಿ ಒಂದರ ಮೇಲೆ ಏಕಾದಶಿಯನ್ನೂ, ಇನ್ನೊಂದರ ಮೇಲೆ ಸೀಮೆಎಣ್ಣೆ ಸಿಕ್ಕಿದ್ದನ್ನೂ, ಮತ್ತೊಂದರ ಮೇಲೆ ಯಾರೋ ಮಹಾನುಭಾವರು ಹುಟ್ಟಿದ್ದನ್ನೂ ಬರೆಯುತ್ತೇವೆ. ಆಮೇಲೆ ನಾವು ಬರೆದದ್ದಕ್ಕೆ ನಾವೇ ಕೈಮುಗಿಯುತ್ತೇವೆ. ನಾನು ಹೀಗೆ ತತ್ತ್ವಜ್ಞಾನಿಯ ಗತ್ತಿನಲ್ಲಿ ಮಾತನಾಡುತ್ತಿರುವುದಕ್ಕೆ ಕಾರಣವಿದೆ. ನನ್ನಿಂದ ಒಂದು ತಪ್ಪಾಗಿದೆ, ಅದನ್ನು ನೇರವಾಗಿ ಹೇಳಲು ನಾಚಿಕೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಜನವರಿ ತಿಂಗಳ ಒಂದು ಬೆಳಿಗ್ಗೆ, ಕಾಪುವಿನ ಬಸ್ಸು ನಿಲ್ಲುವ ಜಾಗದ ಎದುರಿಗಿದ್ದ ಹೋಟೆಲಿನ ಕರಿಹಲಗೆಯ ಮೇಲೆ ನಾನು ಸೀಮೆಸುಣ್ಣದಲ್ಲಿ ಒಂದು ಸುಳ್ಳು ಬರೆದೆ. ಅದನ್ನು ಅಳಿಸಲು ಇವತ್ತಿನವರೆಗೂ ನನ್ನಿಂದ ಸಾಧ್ಯವಾಗಿಲ್ಲ. ತಾರೀಕು ಯಾವುದೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ನಂಬಿಬಿಡುತ್ತೀರಿ.

ನಾನು ಆಗ ಅಲ್ಲಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಡ್ರಾಯಿಂಗ್ ಮಾಸ್ತರನೆಂದರೆ ಊರಿಗೆಲ್ಲ ಬೋರ್ಡು ಬರೆದುಕೊಡುವವನು ಎಂಬುದು ಜನರ ತಿಳಿವಳಿಕೆ. ಹೋಟೆಲಿನ ಭಟ್ಟರ ಅಕ್ಷರವೋ ದೇವರಿಗೇ ಪ್ರೀತಿ. ಅವರು ಹಲಗೆಯ ಮೇಲೆ ‘ಇಂದಿನ ವಿಶೇಷ’ ಎಂದು ಬರೆದು ಕೆಳಗೆ ತಿಂಡಿಗಳ ಹೆಸರು ಗೀಚಿದರೆ, ಬಂದವರೆಲ್ಲ ಹಲಗೆಯನ್ನು ನೋಡಿ, ಆಮೇಲೆ ಭಟ್ಟರನ್ನು ನೋಡಿ, “ಇವತ್ತು ಎಂತ ಉಂಟು ಭಟ್ರೇ?” ಎಂದು ಕೇಳುತ್ತಿದ್ದರು. ಹೀಗೆ ದಿನವಿಡೀ ಹೇಳಿ ಹೇಳಿ ಗಂಟಲು ಕಟ್ಟಿದ ಮೇಲೆ ಅವರು ನನ್ನನ್ನು ಹಿಡಿದರು. ಅಲ್ಲಿಂದ ಮುಂದೆ ನಾನು ಬೆಳಗಿನ ಕಾಫಿಗೆ ಹೋದಾಗ ಗೋಳಿಬಜೆಯನ್ನೂ ಬನ್ಸನ್ನೂ ಸಜ್ಜಿಗೆ-ಅವಲಕ್ಕಿಯನ್ನೂ ದುಂಡಗೆ ಬರೆದು, ಬೇಕಿದ್ದರೆ ಪಕ್ಕದಲ್ಲಿ ಒಂದು ಬಳ್ಳಿಯನ್ನೂ ಎಳೆದು, ಶಾಲೆಗೆ ಹೋಗುತ್ತಿದ್ದೆ. ಭಟ್ಟರ ಹೋಟೆಲಿನ ತಿಂಡಿಗಳು ಮೂರೇ. ಹಲಗೆಯೋ ದೊಡ್ಡದು. ಕೆಳಗೆ ಒಂದು ಗೇಣು ಜಾಗ ಖಾಲಿ ಉಳಿಯುತ್ತಿತ್ತು. ಖಾಲಿ ಜಾಗ ಕಂಡರೆ ಕೈ ತುರಿಸುವುದು ಡ್ರಾಯಿಂಗ್ ಮಾಸ್ತರರಿಗೆ ಹುಟ್ಟಿನಿಂದ ಬರುವ ರೋಗ.

ಇಲ್ಲಿ ನನ್ನ ಸಂಗೀತದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಅದು ಎರಡೇ ಮಾತಿನಲ್ಲಿ ಮುಗಿಯುತ್ತದೆ. ನನಗೆ ಹಾಡಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಕಾರ್ಕಳದ ನಮ್ಮ ಮನೆಯ ಪಕ್ಕದ ಭಜನೆಗೆ ಹೋಗಿ ಬಾಯಿಬಿಟ್ಟಾಗ, ತಾಳ ಹಾಕುತ್ತಿದ್ದ ಮುದುಕರೊಬ್ಬರು ಬಹಳ ಮೃದುವಾಗಿ, “ಮಗಾ, ನೀನು ಪ್ರಸಾದ ಹಂಚು” ಎಂದಿದ್ದರು. ಅಂದಿನಿಂದ ನಾನು ಪ್ರಸಾದ ಹಂಚುವವನಾದೆ. ಹಾಡಲಾಗದವನಿಗೆ ಹಾಡಿನ ಮೇಲಿರುವ ಮೋಹ ಹಾಡುವವನಿಗೆ ಇರುವುದಿಲ್ಲ. ಯಾವ ಗಾಯಕಿ ಹುಟ್ಟಿದ್ದು ಯಾವತ್ತು, ಯಾವ ಹಾಡಿನ ಗ್ರಾಮಫೋನ್ ತಟ್ಟೆ ಅಂಗಡಿಗೆ ಬಂದದ್ದು ಯಾವತ್ತು, ಯಾವ ಸಂಗೀತ ನಿರ್ದೇಶಕ ಯಾರೊಡನೆ ಜಗಳವಾಡಿ ಸ್ಟುಡಿಯೋದಿಂದ ಎದ್ದು ಹೋದದ್ದು ಯಾವತ್ತು, ಇವನ್ನೆಲ್ಲ ವಾರಪತ್ರಿಕೆಗಳಿಂದ ಕತ್ತರಿಸಿ, ಕೊಲಂಬೋ ಕಡೆಯಿಂದ ತೇಲಿಬರುವ ರೇಡಿಯೋದಿಂದ ಕೇಳಿ, ಟಾಕೀಸಿನ ಬಾಗಿಲಲ್ಲಿ ಮಾರುವ ಪದ್ಯಾವಳಿಗಳಿಂದ ಹೆಕ್ಕಿ, ಒಂದು ದಪ್ಪ ಡೈರಿಯಲ್ಲಿ ಆಯಾ ತಾರೀಕಿನ ಪುಟಕ್ಕೆ ಅಂಟಿಸುತ್ತಿದ್ದೆ. ನನ್ನ ಹೆಂಡತಿ ಸುಮತಿ ಇದನ್ನು ‘ಪರರ ಜಾತಕ’ ಎಂದು ಕರೆಯುತ್ತಿದ್ದಳು. “ಬೊಂಬಾಯಿಯಲ್ಲಿ ಹುಟ್ಟಿದವರದ್ದೆಲ್ಲ ನಿಮಗೆ ಗೊತ್ತುಂಟು. ನಮ್ಮ ಮಗಳ ಹುಟ್ಟಿದ ತಾರೀಕು ಶಾಲೆಗೆ ಬರೆದುಕೊಡುವಾಗ ಮಾತ್ರ ನನ್ನನ್ನು ಕೇಳಿ” ಎನ್ನುವಳು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಹೀಗೆ ಹಲಗೆಯ ಕೆಳಗಿನ ಆ ಒಂದು ಗೇಣಿನಲ್ಲಿ, ಬನ್ಸಿನ ಕೆಳಗೆ, ಹಾಡಿನ ಇತಿಹಾಸ ಬಂತು. ‘ಇದೇ ದಿನ’ ಎಂದು ಶುರು ಮಾಡಿ ಎರಡು ಸಾಲು. ಮೊದಲ ವಾರ ಯಾರೂ ಓದಲಿಲ್ಲ. ಎರಡನೆಯ ವಾರ ಪಕ್ಕದ ಅಂಗಡಿಯ ಹಸನಬ್ಬ ಓದಿದರು. ಹಸನಬ್ಬರದು ಬಟ್ಟೆ ಅಂಗಡಿ. ಗಲ್ಫಿನಲ್ಲಿದ್ದ ಅವರ ತಮ್ಮ ಒಂದು ಟೂ-ಇನ್-ವನ್ನನ್ನೂ, ಒಂದು ಚೀಲ ಕ್ಯಾಸೆಟ್ಟುಗಳನ್ನೂ ತಂದುಕೊಟ್ಟಿದ್ದ. ನಾನು ಹಲಗೆಯಲ್ಲಿ ಇಂಥ ಹಾಡು ಎಂದು ಬರೆದರೆ, ಹಸನಬ್ಬರು ಚೀಲದಲ್ಲಿ ಕೈಯಾಡಿಸಿ, ಆ ಹಾಡು ಸಿಕ್ಕಿದರೆ ಅದನ್ನೇ, ಸಿಗದಿದ್ದರೆ ಅದರ ಅಕ್ಕನನ್ನೋ ತಂಗಿಯನ್ನೋ ಹಾಕುತ್ತಿದ್ದರು. ಆ ಬೆಳಗುಗಳನ್ನು ನೆನೆದರೆ ನನಗೆ ಈಗಲೂ ಮೈ ಹಗುರವಾಗುತ್ತದೆ. ಸಾಂಬಾರಿನ ಹಬೆ ಬಾಗಿಲಿನಿಂದ ಹೊರಬಂದು ಸಮುದ್ರದ ಗಾಳಿಗೆ ಸಿಕ್ಕಿ ರಸ್ತೆಯ ಮೇಲೆಲ್ಲ ಹರಡುತ್ತಿತ್ತು. ಶಂಕರಪುರದ ಮಲ್ಲಿಗೆ ತಂದ ಹೆಂಗಸರು ಬಾಳೆಯೆಲೆಯ ಕಟ್ಟು ಬಿಚ್ಚಿ ನೀರು ಚಿಮುಕಿಸುತ್ತಿದ್ದರು. ಉಡುಪಿಯ ಬಸ್ಸಿಗೆ ಕಾದವರು ಕಾಯುತ್ತಿರುವುದನ್ನೇ ಮರೆತು ನಿಂತಿರುತ್ತಿದ್ದರು. ಹಾಡು ಮುಗಿಯುವ ಮೊದಲು ಬಸ್ಸು ಬಂದರೆ ಕಂಡಕ್ಟರನೂ ಒಂದು ಕಾಲು ಕೆಳಗಿಟ್ಟು, “ಒಂದು ಚರಣ ಉಂಟು, ನಿಲ್ಲಿ ಮಾರಾಯ್ರೆ” ಎಂದು ಡ್ರೈವರನಿಗೆ ಹೇಳುವನು. ನಾನು ಶಾಲೆಯ ಕಡೆ ನಡೆಯುತ್ತ, ಬೆನ್ನ ಹಿಂದೆ ಹಾಡು ಸಣ್ಣದಾಗುತ್ತ ಹೋಗುವುದನ್ನು ಕೇಳುತ್ತ, ಇದೆಲ್ಲ ನಾನೇ ಹಾಡಿದ್ದು ಎಂಬ ಭ್ರಮೆಯಲ್ಲಿರುತ್ತಿದ್ದೆ.

ಆ ಜನವರಿಯ ದಿನ ಬೆಳಿಗ್ಗೆ ಡೈರಿ ತೆರೆದೆ, ಪುಟ ಖಾಲಿ. ಹಿಂದಿನ ದಿನ ಮೂವರು ಹುಟ್ಟಿದ್ದರು, ಮರುದಿನ ಒಬ್ಬರು ತೀರಿಕೊಂಡಿದ್ದರು. ನಡುವಿನ ಈ ದಿನ ಸಿನಿಮಾ ಸಂಗೀತದವರೆಲ್ಲ ಊಟ ಮಾಡಿ ಮಲಗಿದ್ದರೇನೋ. ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತೆ. ಹಿಂದೆ ಆರೇಳು ಜನ ಓದಲು ನಿಂತಿದ್ದರು. ಹಸನಬ್ಬರು ಆಗಲೇ ಚೀಲ ಬಿಚ್ಚಿದ್ದರು. ಭಟ್ಟರು ಗಲ್ಲಾದ ಮೇಲಿನಿಂದ ಬಗ್ಗಿ, “ಎಂತ ಮಾಷ್ಟ್ರೇ, ಇವತ್ತು ಹಾಡಿನವರು ಯಾರೂ ಹುಟ್ಲಿಲ್ವಾ?” ಎಂದರು. ಇಲ್ಲ ಎನ್ನಬಹುದಿತ್ತು. ಆದರೆ ಪ್ರಸಾದ ಹಂಚುವವನು ಖಾಲಿ ತಟ್ಟೆ ತೋರಿಸುವುದು ಹೇಗೆ? ತಲೆ ತಿರುಗಿಸಿ ರಸ್ತೆಯಾಚೆ ನೋಡಿದೆ. ಅಲ್ಲಿ ಲಿಗೋರಿ ಪರ್ಬುಗಳು ಬಸ್ಸಿಗೆ ಕಾಯುತ್ತ ಕುಳಿತಿದ್ದರು. ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ಹಿರಿಯರು ಅವರು. ಸುತ್ತಲಿನ ಎಲ್ಲ ಜಾತಿಯ ಮದುವೆಗಳ ಮುಂದೆಯೂ ನಡೆದವರು. ಮೊಣಕಾಲ ಮೇಲೆ ಹಗ್ಗ ಕಟ್ಟಿದ ಕರಿಯ ಪೆಟ್ಟಿಗೆ ಇತ್ತು. ನನ್ನ ಕೈ ತಾನಾಗಿ ಚಲಿಸಿತು: ‘ಇದೇ ದಿನ, ಇಪ್ಪತ್ತೈದು ವರ್ಷಗಳ ಹಿಂದೆ, ನಮ್ಮ ಕಾಪು ಪೇಟೆಯಲ್ಲಿ ಮದುವೆಯ ದಿಬ್ಬಣದ ಮುಂದೆ ಶ್ರೀ ಲಿಗೋರಿಯವರು ಕ್ಲಾರಿನೆಟ್ಟಿನಲ್ಲಿ ಸಿನಿಮಾ ಹಾಡು ನುಡಿಸಿದರು. ಈ ಊರಿನಲ್ಲಿ ಅದೇ ಮೊದಲು.’ ಪೂರ್ಣವಿರಾಮವನ್ನು ಎಂದಿಗಿಂತ ದಪ್ಪಗೆ ಹಾಕಿ, ಶಾಲೆಗೆ ಓಡಿಹೋದೆ.

ಸಂಜೆ ಹಿಂತಿರುಗುವಾಗ ಆ ಘಟನೆಗೆ ನಾಲ್ವರು ಪ್ರತ್ಯಕ್ಷ ಸಾಕ್ಷಿಗಳು ಸಿದ್ಧರಾಗಿದ್ದರು. “ನಾನು ಆಗ ಇದೇ ಹೋಟೆಲಿನಲ್ಲಿ ಸಪ್ಲಾಯರ್, ಮಾಷ್ಟ್ರೇ” ಎಂದರು ಭಟ್ಟರು. “ಹಿಟ್ಟಿನ ಕೈಯಲ್ಲಿಯೇ ಹೊರಗೆ ಓಡಿ ಬಂದದ್ದು. ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.” ಹಸನಬ್ಬರು, “ನಮ್ಮ ತಂದೆ ಅಂಗಡಿಗೆ ಅರ್ಧ ಬಾಗಿಲು ಹಾಕಿ ನಿಂತು ಕೇಳಿದ್ರು. ಅವರು ಬಾಗಿಲು ಹಾಕಿದ್ದು ಅದೊಂದೇ ಸಲ” ಎಂದರು. ಮದುಮಗನಿಗೆ ಕೊಡೆ ಹಿಡಿದಿದ್ದರೋ ಇಲ್ಲವೋ ಎಂಬುದರ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವಿತ್ತು, ಜೋರಾಗಿಯೇ ವಾದ ನಡೆಯಿತು. ಮಣಿಪಾಲದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ದಿನಾ ಕಾಪುವಿನಿಂದಲೇ ಬಸ್ಸು ಹತ್ತುತ್ತಿದ್ದ ಲೆಕ್ಚರರೊಬ್ಬರು ಎಲ್ಲವನ್ನೂ ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಸುಳ್ಳು ಹೇಳಿದವನಿಗೆ ಸಿಕ್ಕಿಬೀಳುವ ಭಯ ಇರುತ್ತದೆ ಎಂದು ಕೇಳಿದ್ದೆ. ನನ್ನದು ಬೇರೆಯೇ ಭಯ. ನಾನು ಸಿಕ್ಕಿಬೀಳುವ ಲಕ್ಷಣವೇ ಕಾಣಿಸುತ್ತಿರಲಿಲ್ಲ.

ಆಗ ಹಸನಬ್ಬರು ಇನ್ನೊಂದು ಮಾತು ಹೇಳಿದರು. ಲಿಗೋರಿ ಪರ್ಬುಗಳು ಆ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಕುಳಿತದ್ದು ಯಾವುದೇ ಮದುವೆಗೆ ಹೋಗಲು ಅಲ್ಲ, ಕ್ಲಾರಿನೆಟ್ಟನ್ನು ಉಡುಪಿಯ ಒಂದು ಅಂಗಡಿಗೆ ಕೊಟ್ಟು ಬರಲು. ಮದುವೆಯವರಿಗೆ ಈಗ ಲೌಡ್ ಸ್ಪೀಕರಿನಲ್ಲಿ ಕ್ಯಾಸೆಟ್ ಹಾಕಿದರೆ ಸಾಕು. ಬ್ಯಾಂಡು ಚದುರಿಹೋಗಿ ಎರಡು ವರ್ಷವಾಗಿತ್ತು. “ಆದರೆ ಬಸ್ಸು ಹತ್ತಲಿಕ್ಕೆ ಜನ ಬಿಟ್ರೆ ಅಲ್ವಾ? ಬೋರ್ಡು ನೋಡಿದವರೆಲ್ಲ ಹೋಗಿ ಸುತ್ತ ನಿಂತ್ರು. ಮೂರು ಬಸ್ಸು ಹೋಯ್ತು. ಆಮೇಲೆ ಪೆಟ್ಟಿಗೆ ಹಿಡ್ಕೊಂಡು ಮನೆಗೆ ಹೋದ್ರು” ಎಂದರು ಹಸನಬ್ಬರು. ಹೇಳಿ, ತಮ್ಮ ಟೂ-ಇನ್-ವನ್ನಿನ ಕಡೆ ಒಮ್ಮೆ ನೋಡಿ, ಅದರ ಮೇಲೆ ಒಂದು ಬಟ್ಟೆ ಹೊದೆಸಿದರು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನಾಳೆ ನಿಜ ಗೊತ್ತಾದರೆ ಆ ಪೆಟ್ಟಿಗೆ ಮತ್ತೆ ಬಸ್ಸು ಹತ್ತುತ್ತದೆ, ಹತ್ತಿಸಿದವನು ನಾನೇ ಆಗುತ್ತೇನೆ.

ಮುಂದಿನ ಭಾನುವಾರ ಪರ್ಬುಗಳು ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರವಾಗಿ ನಮ್ಮ ಮನೆಗೇ ಬಂದರು. ಬಿಳಿ ಶರ್ಟು, ಇಸ್ತ್ರಿಯ ಗೆರೆ, ಕೈಯಲ್ಲಿ ಟೊಪ್ಪಿ. ಸುಮತಿ ಕಾಫಿ ತರಲು ಒಳಗೆ ಹೋದಳು. ಈಗ ಹೇಳಿಬಿಡಬೇಕು ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅವರೇ ಮೊದಲು ಶುರು ಮಾಡಿದರು. “ಮಾಷ್ಟ್ರೇ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಎಲ್ಲರೂ ಕೇಳ್ತಾರೆ, ಆವತ್ತು ನುಡಿಸಿದ್ದು ಯಾವ ಹಾಡು ಅಂತ. ನಾನು ಮದುವೆಗೂ ನುಡಿಸಿದ್ದೇನೆ, ಮರಣಕ್ಕೂ ನುಡಿಸಿದ್ದೇನೆ. ಎಷ್ಟೂಂತ ನೆನಪಿಡುವುದು? ನಿಮ್ಮ ಪುಸ್ತಕದಲ್ಲಿ ಉಂಟಂತಲ್ಲ. ಸ್ವಲ್ಪ ನೋಡಿ ಹೇಳಿ.” ನಾನು ಡೈರಿ ತಂದೆ. ಇಲ್ಲವೆನ್ನಲು ಬಾಯಿ ತೆರೆದೆ. ಅವರು ಎರಡು ಕೈಗಳನ್ನೂ ಮೊಣಕಾಲ ಮೇಲಿಟ್ಟು, ಪರೀಕ್ಷೆಯ ಫಲಿತಾಂಶ ಕೇಳಲು ಕುಳಿತವರ ಹಾಗೆ ಕಾಯುತ್ತಿದ್ದರು. ಅವರು ಕನ್ನಡಕ ತಂದಿರಲಿಲ್ಲ. ನಾನು ಆ ಖಾಲಿ ಪುಟವನ್ನು ತೆರೆದು, ಅದರ ಮೇಲೆ ಬೆರಳಿಟ್ಟು, ಒಂದು ಹಾಡನ್ನು ಓದಿದೆ.

ಓದಿದ್ದು ನನ್ನ ಅಮ್ಮನ ಹಾಡನ್ನು. ಅಮ್ಮ ಕಾರ್ಕಳದ ಮನೆಯ ಜಗಲಿಯಲ್ಲಿ ಗೆರಸೆಯಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಹೆಕ್ಕುವಾಗ ಅದನ್ನು ಗುನುಗುತ್ತಿದ್ದಳು. ಒಂದೇ ಪಲ್ಲವಿ, ಚರಣ ಅವಳಿಗೆ ಬರುತ್ತಿರಲಿಲ್ಲ. ಅಪ್ಪ ಬಂದ ಸದ್ದಾದರೆ ನಿಲ್ಲಿಸುವಳು. ಸಿನಿಮಾ ಹಾಡು ಗುನುಗುವುದು ಆ ಕಾಲದಲ್ಲಿ ಮನೆಯ ಹೆಂಗಸರಿಗೆ ಹೇಳಿದ್ದಲ್ಲ. ಅವಳು ಆ ಹಾಡನ್ನು ಎಲ್ಲಿ ಕೇಳಿದ್ದಳೋ, ಯಾವಾಗ ಕೇಳಿದ್ದಳೋ ನನಗೆ ಗೊತ್ತಿಲ್ಲ. ಸಾವಿರ ತಾರೀಕು ಬರೆದಿಟ್ಟ ನಾನು ಇದೊಂದನ್ನು ಕೇಳಿರಲಿಲ್ಲ, ಮತ್ತೆ ಕೇಳಲು ಅವಳು ಇರಲಿಲ್ಲ. ಪರ್ಬುಗಳು ಹಾಡಿನ ಹೆಸರು ಕೇಳಿ ಕಣ್ಣು ಮುಚ್ಚಿದರು. ಬೆರಳುಗಳು ಮೊಣಕಾಲ ಮೇಲೆಯೇ ಮೆಲ್ಲಗೆ ಆಡಿದವು. “ಹೌದು, ಅದೇ” ಎಂದರು. ನನಗೆ ಅಳು ಬಂತು. ಸುಮತಿ ಕಾಫಿ ತಂದವಳು, “ಹೊಗೆ ಕಣ್ಣಿಗೆ ಹೋಯ್ತಾ?” ಎಂದು ಕೇಳಿದಳು. ಒಲೆ ಇದ್ದದ್ದು ಒಳಗೆ.

ಆಮೇಲೆ ಸಂಗತಿ ನನ್ನ ಕೈಯಲ್ಲಿ ಉಳಿಯಲಿಲ್ಲ. ಮುಂದಿನ ವರ್ಷ ಅದೇ ದಿನ, ಅದೇ ಜಾಗದಲ್ಲಿ ಪರ್ಬುಗಳು ಆ ಹಾಡನ್ನು ನುಡಿಸಬೇಕೆಂದು ಭಟ್ಟರೂ ಹಸನಬ್ಬರೂ ಗೊತ್ತುಮಾಡಿದರು. ಆ ವರ್ಷವಿಡೀ ಸಂಜೆ ಹೊತ್ತು ಅವರ ಮನೆಯ ಕಡೆಯಿಂದ ಕ್ಲಾರಿನೆಟ್ಟಿನ ದನಿ ಬರುತ್ತಿತ್ತು. ಮೊದಲು ಬಾತುಕೋಳಿ ಕೂಗಿದ ಹಾಗಿದ್ದದ್ದು ಮಳೆಗಾಲ ಕಳೆಯುವಷ್ಟರಲ್ಲಿ ಮನುಷ್ಯರ ದನಿಯಾಯಿತು. ಇತ್ತ ಲೆಕ್ಚರರು ಒಂದು ಯುವಕ ಮಂಡಲದ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಪುಟಗಳ ಲೇಖನ ಬರೆದರು. ಅದರಲ್ಲಿ ಮದುಮಗನ ಕೊಡೆಯ ಬಣ್ಣ ಕೂಡ ಇತ್ತು. ಕೊನೆಯಲ್ಲಿ ‘ಮಾಹಿತಿ ನೀಡಿದ ಮಾಸ್ತರರಿಗೆ ಕೃತಜ್ಞತೆಗಳು’ ಎಂದಿತ್ತು. ನಾನು ಆ ಸಂಚಿಕೆಯನ್ನು ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟೆ. ಸುಮತಿ ಹುಡುಕಿ ತೆಗೆದು ಎರಡು ಸಲ ಓದಿದಳು. ನನ್ನ ಡೈರಿಯ ಬಗ್ಗೆ ಅವಳ ಬಾಯಲ್ಲಿ ಮೊದಲ ಬಾರಿಗೆ ಒಂದು ಒಳ್ಳೆಯ ಮಾತು ಬಂತು.

ಆ ದಿನ ಬಂತು. ರಸ್ತೆಯ ಎರಡೂ ಬದಿಯಲ್ಲಿ ಜನ. ಪರ್ಬುಗಳು ಕರಿಯ ಕೋಟು ಹಾಕಿಕೊಂಡು ಬಂದು, ಭಟ್ಟರು ತಂದಿಟ್ಟ ಸ್ಟೂಲಿನ ಮೇಲೆ ಕುಳಿತುಕೊಳ್ಳದೆ, ಪೆಟ್ಟಿಗೆಯ ಹಗ್ಗ ಬಿಚ್ಚಿ, ತುಂಡುಗಳನ್ನು ಒಂದೊಂದಾಗಿ ಜೋಡಿಸಿದರು. ರೀಡನ್ನು ತುಟಿಗಳ ನಡುವೆ ಒದ್ದೆ ಮಾಡಿಕೊಂಡು, ಸ್ವಲ್ಪ ಹೊತ್ತು ಸಮುದ್ರದ ಕಡೆ ನೋಡಿದರು. ಆಮೇಲೆ ನುಡಿಸಿದರು. ಪಲ್ಲವಿ ನನಗೆ ಗೊತ್ತಿತ್ತು. ಅದು ಅಮ್ಮನದೇ. ಅಕ್ಕಿಯಲ್ಲಿ ಕಲ್ಲು ಹುಡುಕುವ ಬೆರಳು ನಿಂತು ನಿಂತು ಮುಂದೆ ಹೋಗುತ್ತಿತ್ತಲ್ಲ, ಅದೇ ನಡಿಗೆ. ಪಲ್ಲವಿ ಮುಗಿದ ಮೇಲೆ ಅವರು ಚರಣಕ್ಕೆ ಹೋದರು. ಅಮ್ಮ ಎಂದೂ ಹೋಗದಿದ್ದ ಕಡೆ ಹಾಡು ಹೋಗುತ್ತಿರುವುದನ್ನು ಕೇಳುತ್ತ ನಿಂತೆ. ಉಡುಪಿಯ ಬಸ್ಸು ಬಂದು ನಿಂತಿತು. ಡ್ರೈವರ್ ಇಂಜಿನ್ ಆರಿಸಿದ. ಮಲ್ಲಿಗೆಯ ವಾಸನೆ, ಬಿಸಿಲು, ಸುಮ್ಮನೆ ನಿಂತ ಬಸ್ಸು. ಎಷ್ಟು ಹೊತ್ತೆಂದು ಹೇಳಲಾರೆ. ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ನಿದ್ದೆಯಿಂದ ಎದ್ದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿದರು. ಭಟ್ಟರು ಕಣ್ಣೊರೆಸಿಕೊಂಡು, “ಇಪ್ಪತ್ತಾರು ವರ್ಷದ ಹಿಂದೆಯೂ ಹೀಗೇ ಇತ್ತು” ಎಂದರು.

ಇನ್ನು ತಡೆಯಲಾಗಲಿಲ್ಲ. ಜನ ಕರಗಿದ ಮೇಲೆ ಪರ್ಬುಗಳ ಹತ್ತಿರ ಹೋಗಿ, ತಲೆ ತಗ್ಗಿಸಿ, “ಪರ್ಬುಗಳೇ, ಆ ಪುಟದಲ್ಲಿ ಏನೂ ಇರಲಿಲ್ಲ” ಎಂದೆ. ಅವರು ಕ್ಲಾರಿನೆಟ್ಟನ್ನು ಬಟ್ಟೆಯಿಂದ ಒರೆಸುತ್ತಲೇ, “ಗೊತ್ತುಂಟು ಮಾಷ್ಟ್ರೇ” ಎಂದರು. “ಅಕ್ಷರ ಓದಲಿಕ್ಕೆ ಕನ್ನಡಕ ಬೇಕು. ಅಕ್ಷರ ಇಲ್ಲದ್ದು ನೋಡಲಿಕ್ಕೆ ಎಂತ ಬೇಕು? ಮತ್ತೆ, ನೀವು ಹೇಳಿದ ವರ್ಷ ನಾನು ಬೊಂಬಾಯಿಯಲ್ಲಿ ಒಂದು ಹೋಟೆಲಿನ ಕುಶಿನಿಯಲ್ಲಿ ಅಡಿಗೆಗೆ ಇದ್ದದ್ದು. ಕ್ಲಾರಿನೆಟ್ ಮುಟ್ಟಿದ್ದು ಊರಿಗೆ ಬಂದ ಮೇಲೆ.” ಹಾಗಾದರೆ ಯಾಕೆ ಒಪ್ಪಿಕೊಂಡಿರಿ ಎಂದು ಕೇಳಿದೆ. ಅವರು ತುಂಡುಗಳನ್ನು ಪೆಟ್ಟಿಗೆಯ ಗುಳಿಗಳಲ್ಲಿ ಒಂದೊಂದಾಗಿ ಮಲಗಿಸಿದರು. “ಆವತ್ತು ಇದನ್ನು ಕೊಟ್ಟು ಬರಲಿಕ್ಕೆ ಹೊರಟಿದ್ದೆ. ಎದುರು ನೋಡುವಾಗ ಬೋರ್ಡಿನಲ್ಲಿ ನನ್ನ ಹೆಸರು. ನಾನು ಎಂತದೋ ದೊಡ್ಡದು ಮಾಡಿದ್ದೇನಂತೆ. ಅಷ್ಟು ಮಾಡಿದವ ಹೀಗೆ ಕೊಟ್ಟುಬಿಡುವುದು ಸರಿಯಲ್ಲ ಅಂತ ಕಂಡಿತು. ಈಗ ಆಯ್ತಲ್ಲ. ಇವತ್ತು ನುಡಿಸಿದ್ದು ಸುಳ್ಳಲ್ಲ ಅಲ್ವಾ? ಮುಂದಿನ ವರ್ಷ ಬೋರ್ಡಿನಲ್ಲಿ ಧೈರ್ಯದಿಂದ ಬರೆಯಿರಿ.” ಪೆಟ್ಟಿಗೆಗೆ ಹಗ್ಗ ಕಟ್ಟಲಿಲ್ಲ. ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಮನೆಯ ಕಡೆ ನಡೆದರು.

ಅವರ ಮಾತಿನಂತೆ ಮುಂದಿನ ವರ್ಷ ನಾನು ಧೈರ್ಯದಿಂದ ಬರೆದೆ: ‘ಇದೇ ದಿನ, ಕಳೆದ ವರ್ಷ, ಶ್ರೀ ಲಿಗೋರಿಯವರು ಇಲ್ಲಿ ಕ್ಲಾರಿನೆಟ್ ನುಡಿಸಿದರು. ಅದೇ ಮೊದಲು. ಹಿಂದೆ ಬರೆದದ್ದು ತಪ್ಪು.’ ಬರೆದು ಹಗುರವಾದ ಮನಸ್ಸಿನಿಂದ ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಹಲಗೆ ಒರೆಸಿ ತೊಳೆದಿತ್ತು. ಅದರ ಮೇಲೆ ಭಟ್ಟರ ಸ್ವಹಸ್ತಾಕ್ಷರದಲ್ಲಿ, ಯಾರಿಗೂ ಓದಲು ಬಾರದಿದ್ದರೂ ಎಲ್ಲರಿಗೂ ಗೊತ್ತಿದ್ದ ಹಳೆಯ ಸಾಲು. ಅದು ನಾನೇ ಕಟ್ಟಿದ ಸುಳ್ಳು, ಆಣೆ ಮಾಡುತ್ತೇನೆ ಎಂದೆ. ಹಸನಬ್ಬರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. “ಮಾಷ್ಟ್ರಿಗೆ ಶಾಲೆಯ ಕೆಲಸ ಜಾಸ್ತಿಯಾಗಿದೆ, ಮರೆವು” ಎಂದು ಯಾರೋ ಮೆಲ್ಲಗೆ ಹೇಳಿದ್ದು ಕೇಳಿಸಿತು. ಭಟ್ಟರು ಸ್ಮರಣ ಸಂಚಿಕೆಯನ್ನು ಗಲ್ಲಾದಿಂದ ತೆಗೆದು ನನ್ನ ಮುಂದೆ ಹಿಡಿದು, “ಅಚ್ಚಾಗಿ ಬಂದದ್ದು ಸುಳ್ಳಾಗ್ತದಾ ಮಾಷ್ಟ್ರೇ? ನೀವೇ ಕೊಟ್ಟ ಮಾಹಿತಿ ಅಲ್ವಾ?” ಎಂದರು.

ಸೋತು ಮನೆಗೆ ಬಂದೆ. ಸುಮತಿಯಾದರೂ ನನ್ನನ್ನು ನಂಬುತ್ತಾಳೆ, ನನ್ನ ಡೈರಿಯನ್ನು ಮೊದಲಿನಿಂದ ಹಂಗಿಸಿದವಳು ಅವಳೊಬ್ಬಳೇ ಎಂಬ ಆಸೆಯಿಂದ ಎಲ್ಲವನ್ನೂ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡಿದಳು. “ನಿಮಗೆಂತ ಮರುಳಾ? ನಾನು ಕೇಳಿದ್ದೇನಲ್ಲ. ಆಗ ನನಗೆ ಏಳು ವರ್ಷ. ಉದ್ಯಾವರದಿಂದ ಅಪ್ಪ ಮದುವೆಗೆ ಕರೆದುಕೊಂಡು ಬಂದದ್ದು. ಅವರ ಹೆಗಲ ಮೇಲೆ ಕೂತು ನೋಡಿದ್ದು. ಪರ್ಬುಗಳ ಕ್ಲಾರಿನೆಟ್ಟಿನ ಬೆಳ್ಳಿಯ ಕೀಲುಗಳು ಬಿಸಿಲಿಗೆ ಹೀಗೆ ಹೊಳೆಯುತ್ತಿದ್ದವು” ಎಂದಳು. ಹೇಳುವಾಗ ಅವಳ ಮುಖ ನಿಜವಾಗಿಯೂ ಏಳು ವರ್ಷದ್ದಾಯಿತು. ಆಮೇಲೆ ಮತ್ತೆ ಬದನೆಕಾಯಿ ಹೆಚ್ಚುತ್ತ ಕೇಳಿದಳು, “ನೀವು ಆವಾಗ ಎಲ್ಲಿದ್ದಿರಿ?” ಕಾರ್ಕಳದಲ್ಲಿ, ಶಾಲೆಯಲ್ಲಿ ಎಂದೆ. “ಛೆ, ನಿಮಗೆ ತಪ್ಪಿತಲ್ಲ” ಎಂದಳು.

ಅದು ನಡೆದು ಹತ್ತು ವರ್ಷಗಳಾಗುತ್ತ ಬಂದವು. ಪರ್ಬುಗಳು ಈಗಲೂ ಪ್ರತಿ ವರ್ಷ ಆ ದಿನ ನುಡಿಸುತ್ತಾರೆ, ಬಸ್ಸು ಈಗಲೂ ನಿಲ್ಲುತ್ತದೆ. ಹಳಬರು ಒಬ್ಬರ ಪಕ್ಕ ಒಬ್ಬರು ನಿಂತು ಆ ಮೊದಲ ದಿನದ ಕಥೆ ಹೇಳಿಕೊಳ್ಳುತ್ತಾರೆ. ಕೊಡೆ ಇತ್ತೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಾನು ಸ್ವಲ್ಪ ದೂರದಲ್ಲಿ, ಹಲಗೆಯ ಪಕ್ಕದಲ್ಲಿ, ಕೈಗೆ ಸೀಮೆಸುಣ್ಣದ ಪುಡಿ ಹತ್ತಿಸಿಕೊಂಡು ನಿಂತಿರುತ್ತೇನೆ. ಇಡೀ ಕಾಪುವಿನಲ್ಲಿ ಆ ದಿನ ಅಲ್ಲಿರದಿದ್ದವನು ನಾನೊಬ್ಬನೇ. ಆ ದಿನವನ್ನು ಹುಟ್ಟಿಸಿದವನು ನಾನೇ ಎಂದು ಗೊತ್ತಿದ್ದರೂ, ಅವರ ಮಾತು ಕೇಳುತ್ತ ಕೇಳುತ್ತ ನನಗೆ ಪ್ರತಿ ವರ್ಷವೂ ನಿಜವಾಗಿ ಹೊಟ್ಟೆಕಿಚ್ಚಾಗುತ್ತದೆ. ಆವತ್ತು ಶಾಲೆಗೆ ರಜೆ ಹಾಕಿ ಕಾರ್ಕಳದಿಂದ ಒಂದು ಬಸ್ಸು ಹಿಡಿದು ಬಂದಿದ್ದರೆ ಏನಾಗುತ್ತಿತ್ತು ನನಗೆ?